ಮಾಡದೆ ಉಳಿದ ಒಂದು ಫೋನ್ ಕರೆ

"ಒಂದು ಫೋನ್ ಮಾಡಿದರೆ ಸಾಕು, ಹುಡುಗ ಬೆಂಗಳೂರಿಗೆ ಬಂದುಬಿಡುತ್ತಾನೆ" ಎಂದರು ನಮ್ಮ ಬಂಧುವೊಬ್ಬರು. 2018ರ ಡಿಸೆಂಬರ್ ಮೊದಲ ವಾರ. ಅಂಗಳದಲ್ಲಿ ಅಡಕೆ ಒಣಗುತ್ತಿತ್ತು. ಒಳಗೆ ಕ್ರಿಸ್ಮಸ್ಸಿಗೆಂದು ನೆವ್ರಿ, ಕಿಡಿಯೊ ಮಾಡುವ ತಯಾರಿ ನಡೆದಿತ್ತು. ಬಂಧುಗಳು ಕಾಫಿ ಕುಡಿಯುತ್ತಾ, ತಮಗೆ ಪರಿಚಯದ ದೊಡ್ಡ ಸೇನಾಧಿಕಾರಿಯೊಬ್ಬರು ಇದ್ದಾರೆಂದೂ, ಅವರ ಮಾತು ಎಲ್ಲಿಯೂ ನಡೆಯುತ್ತದೆಂದೂ ಹೇಳಿದರು. "ಹುಡುಗನ ನಂಬ್ರ, ಯೂನಿಟ್ ಎರಡೂ ಒಂದು ಚೀಟಿಯಲ್ಲಿ ಬರೆದು ಕೊಡಿ. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ" ಎಂದರು.

ನಾವು ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬರೆದು ಕೊಡಲು ನಮಗೆ ಎರಡು ನಿಮಿಷವೂ ಬೇಕಿರಲಿಲ್ಲ.

ನಮ್ಮ ಮನೆ ಇರುವುದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ನಮ್ಮ ಒಬ್ಬನೇ ಮಗ 2014ರಲ್ಲಿ ಭೂಸೇನೆಗೆ ಸೇರಿದ. ಬೆಂಗಳೂರಿನ ಆರ್ಮಿ ಸರ್ವೀಸ್ ಕೋರಿನ ಕೇಂದ್ರದಲ್ಲಿ ತರಬೇತಿ ಪಡೆದು ಲಾರಿ ಚಾಲಕನಾದ. ಅಕ್ಕಿ, ಬೇಳೆ, ಸೀಮೆಎಣ್ಣೆ, ಹೊದಿಕೆ ಮುಂತಾದ ಸಾಮಾನುಗಳನ್ನು ಗಡಿಯ ಠಾಣೆಗಳಿಗೆ ಮುಟ್ಟಿಸುವುದು ಅವನ ಕೆಲಸ. 2018ರ ಬೇಸಗೆಯಲ್ಲಿ ಅವನಿಗೆ ಕಾರ್ಗಿಲ್ ಕಡೆಗೆ ವರ್ಗವಾಯಿತು. ಶ್ರೀನಗರದಿಂದ ಅಲ್ಲಿಗೆ ಹೋಗಬೇಕಾದರೆ ಜೊಜಿಲಾ ಎಂಬ ಕಣಿವೆ ದಾಟಬೇಕು. ಅದರ ಎತ್ತರ ಸುಮಾರು 11,500 ಅಡಿ. ಆಗೆಲ್ಲ ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚಿದರೆ ಮತ್ತೆ ತೆರೆಯುತ್ತಿದ್ದದ್ದು ತಿಂಗಳುಗಳ ನಂತರ. ಆ ವರ್ಷದ ಮಳೆಗಾಲದಲ್ಲಿ ಮಗನ ಅಪ್ಪನಿಗೆ ಎದೆನೋವು ಬಂದು ಮಂಗಳೂರಿನಲ್ಲಿ ಸ್ಟೆಂಟ್ ಹಾಕಿಸಿದ್ದೆವು. ಆ ಮೇಲೆ ಮಗನ ಅಮ್ಮನಿಗೆ ರಾತ್ರಿ ನಿದ್ರೆಯೇ ಇರಲಿಲ್ಲ. ಗಂಡನಿಗೇನಾದರೂ ಆದರೆ ಮಗ ಹಿಮದ ಆಚೆ, ಮಗನಿಗೇನಾದರೂ ಆದರೆ ನಾವು ಹಿಮದ ಈಚೆ. ಇದೇ ಯೋಚನೆ.

ಹೀಗಿರುವಾಗ ಮನೆ ಬಾಗಿಲಿಗೆ ಬಂದ ಸಹಾಯವನ್ನು ಯಾರು ಬೇಡವೆನ್ನುತ್ತಾರೆ? ಚೀಟಿ ಬರೆದೇ ಇಟ್ಟೆವು. ಆದರೂ ಆ ದಿನ ಕೊಡಲಿಲ್ಲ. ಮಗನಿಗೆ ಒಂದು ಮಾತು ತಿಳಿಸಿ ಕೊಡೋಣವೆಂದು ಪ್ರಾರ್ಥನೆಯ ಮೇಜಿನ ಖಾನೆಯಲ್ಲಿ ಇಟ್ಟೆವು.

ಎರಡು ದಿನ ಬಿಟ್ಟು ಮಗನ ಫೋನ್ ಬಂತು. ವಿಷಯ ಹೇಳಿದೆವು. ಅವನು ಸಿಟ್ಟುಗೊಳ್ಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮಾ, ಇಲ್ಲಿ ಕೆಲಸಕ್ಕೆ ಇಷ್ಟು ಜನ ಬೇಕೆಂದು ಲೆಕ್ಕ ಇರುತ್ತದೆ. ನನ್ನ ಹೆಸರಿನ ಮೇಲೆ ಗೆರೆ ಎಳೆದರೆ ಆ ಜಾಗದಲ್ಲಿ ಇನ್ನೊಬ್ಬನ ಹೆಸರು ಬರೆಯಲೇಬೇಕು. ಪಪ್ಪನಿಗೆ ತೀರಾ ಕಷ್ಟವಾದರೆ ನಾನೇ ಅರ್ಜಿ ಕೊಡುತ್ತೇನೆ, ಅದಕ್ಕೆ ದಾರಿ ಇದೆ. ನನ್ನ ಜೊತೆಯವನೊಬ್ಬನ ತಾಯಿಗೆ ಕ್ಯಾನ್ಸರ್. ಅವನ ಅರ್ಜಿ ಮೊದಲು ಹೋಗಬೇಕು" ಎಂದ. ಅಷ್ಟರಲ್ಲಿ ಲೈನ್ ಕಡಿದುಹೋಯಿತು.

ನಮಗೆ ಸಮಾಧಾನವಾಗಲಿಲ್ಲ. ಹುಡುಗಾಟಿಕೆಯ ಮಾತು, ಹೆತ್ತವರ ಸಂಕಟ ಇವನಿಗೇನು ಗೊತ್ತು ಎಂದುಕೊಂಡೆವು. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನಮ್ಮ ವಾರ್ಡಿನ ನಿವೃತ್ತ ಹವಾಲ್ದಾರರು ಸಿಕ್ಕರು. ಅವರಲ್ಲಿ ಎಲ್ಲವನ್ನೂ ಹೇಳಿಕೊಂಡೆವು. ನಮ್ಮ ಪರವಾಗಿ ಮಾತಾಡಿಯಾರು ಎಂಬ ಆಸೆಯಿತ್ತು. ಅವರು ಬುದ್ಧಿ ಹೇಳಲಿಲ್ಲ. "ಕೊಡಗಿನ ಕಾರ್ಯಪ್ಪನವರಿಗೆ ಅವರ ಮಗನ ವಿಷಯದಲ್ಲಿ ಹೀಗೊಂದು ಅವಕಾಶ ಬಂದಿತ್ತು, ನಿಮಗೆ ಗೊತ್ತುಂಟಾ?" ಎಂದು ಮಾತ್ರ ಕೇಳಿದರು.

ಕಾರ್ಯಪ್ಪನವರ ಹೆಸರು ನಮಗೆ ಶಾಲೆಯಿಂದಲೇ ಗೊತ್ತು. ಆದರೆ ಸೇನೆಯ ದೊಡ್ಡ ಪದವಿಯಲ್ಲಿದ್ದವರು ಎಂಬುದಕ್ಕಿಂತ ಹೆಚ್ಚೇನೂ ತಿಳಿದಿರಲಿಲ್ಲ. ಹವಾಲ್ದಾರರು ಒಂದು ಪುಸ್ತಕ ಕೊಟ್ಟರು. ಓದಿದೆವು. ಮತ್ತೆ ಡಿಸೆಂಬರ್ ಮಧ್ಯದಲ್ಲಿ ಒಂದು ದಿನ ಮಡಿಕೇರಿಗೇ ಹೋಗಿ ಬಂದೆವು.

ಕೊಡಗು ನಮಗೆ ದೂರದ ಊರಲ್ಲ. ನಮ್ಮ ಚಂದ್ರಗಿರಿ ಹೊಳೆ ಹುಟ್ಟುವುದೇ ಕೊಡಗಿನ ಬೆಟ್ಟಗಳಲ್ಲಿ. ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಸಂಪಾಜೆ ದಾಟಿ ಘಾಟಿ ಹತ್ತಿದರೆ ಮಡಿಕೇರಿ. ಆ ವರ್ಷ ಆಗಸ್ಟ್‌ನ ಮಳೆಗೆ ಗುಡ್ಡಗಳು ಕುಸಿದ ಗುರುತು ದಾರಿಯುದ್ದಕ್ಕೂ ಕಾಣುತ್ತಿತ್ತು. ಕೆಂಪು ಮಣ್ಣು ಬಾಯ್ತೆರೆದು ನಿಂತಿತ್ತು. ನಮ್ಮ ಮಗನೂ ಇಂಥದೇ ದಾರಿಯಲ್ಲಿ ಲಾರಿ ಓಡಿಸುತ್ತಿರಬೇಕು ಎಂದು ನೆನೆದು ಇಬ್ಬರೂ ಮಾತಿಲ್ಲದೆ ಕುಳಿತೆವು.

ಮಡಿಕೇರಿಯಲ್ಲಿ ಕಾರ್ಯಪ್ಪನವರ ಪ್ರತಿಮೆಯ ಮುಂದೆ ನಿಂತು ಅವರ ಬದುಕನ್ನು ಮೊದಲಿನಿಂದ ನೆನಪಿಸಿಕೊಂಡೆವು. ಕೊಡಂದೇರ ಮಾದಪ್ಪ ಕಾರ್ಯಪ್ಪನವರು 1899ರ ಜನವರಿ 28ರಂದು ಶನಿವಾರಸಂತೆಯಲ್ಲಿ ಹುಟ್ಟಿದರು. ತಂದೆ ಕಂದಾಯ ಇಲಾಖೆಯಲ್ಲಿದ್ದವರು. ಮಡಿಕೇರಿಯಲ್ಲಿ ಹೈಸ್ಕೂಲು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು. ಮೊದಲನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಭಾರತೀಯರನ್ನೂ ಸೇನಾಧಿಕಾರಿಗಳನ್ನಾಗಿ ಮಾಡಬೇಕೆಂಬ ಬೇಡಿಕೆ ಎದ್ದಿತ್ತು. ಅದಕ್ಕಾಗಿ ಇಂದೋರಿನ ಡ್ಯಾಲಿ ಕಾಲೇಜಿನಲ್ಲಿ ತರಬೇತಿ ನಡೆದಾಗ ಕಾರ್ಯಪ್ಪನವರು ಸೇರಿ 1919ರಲ್ಲಿ ಅಧಿಕಾರಿಯಾದರು. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಸೇರಿದ ಮೊದಲ ಭಾರತೀಯ ಅಧಿಕಾರಿಯೂ ಅವರೇ.

ಎರಡನೆಯ ಮಹಾಯುದ್ಧ ಬಂದಾಗ ಅವರಿಗೆ ಸಿಕ್ಕ ಕೆಲಸ ಯಾವುದೆಂದು ಓದಿ ನಮಗೆ ಆಶ್ಚರ್ಯವಾಯಿತು. 1941ರಲ್ಲಿ ಇರಾಕಿನಲ್ಲಿ ಜರ್ಮನಿಯ ಕಡೆ ಒಲವಿದ್ದವರು ಅಧಿಕಾರ ಹಿಡಿದರು. ಅಲ್ಲಿನ ಎಣ್ಣೆ ಕೈತಪ್ಪಬಾರದೆಂದು ಬ್ರಿಟಿಷರು ಭಾರತದ 10ನೇ ಡಿವಿಜನ್ನನ್ನು ಹಡಗಿನಲ್ಲಿ ಬಾಸ್ರಾಕ್ಕೆ ಕಳುಹಿಸಿದರು. ಆ ಡಿವಿಜನ್ನಿನ ಜೊತೆ ಕಾರ್ಯಪ್ಪನವರು ಇರಾಕ್, ಸಿರಿಯಾ, ಇರಾನ್‌ಗಳಲ್ಲಿ ದುಡಿದರು. ಅವರ ಹೊಣೆ ಸಾಮಾನು ಸರಬರಾಜಿನದು. ಪಡೆಗೆ ಬೇಕಾದ ರೇಷನ್, ವಸತಿ, ಸಾಗಾಟ ನೋಡಿಕೊಳ್ಳುವ ಅಧಿಕಾರಿ ಅವರು. ನಮ್ಮ ಮಗ ಇಂದು ಲಾರಿಯಲ್ಲಿ ಮಾಡುವ ಕೆಲಸದ ಮೇಲುಸ್ತುವಾರಿ! ಪ್ರತಿಮೆಯ ಎದುರು ಈ ಮಾತು ಬಂದಾಗ ಮಗನ ಅಮ್ಮನ ಮುಖದಲ್ಲಿ ಎಷ್ಟೋ ದಿನಗಳ ನಂತರ ನಗು ಕಂಡಿತು.

1942ರಲ್ಲಿ ಕಾರ್ಯಪ್ಪನವರು ಒಂದು ಪಡೆಯ ನಾಯಕತ್ವ ಪಡೆದರು. ಭಾರತೀಯನೊಬ್ಬನಿಗೆ ಬೆಟಾಲಿಯನ್ ಒಪ್ಪಿಸಿದ್ದು ಅದೇ ಮೊದಲು. ಅದುವರೆಗೆ ಕಪ್ಪು ಬಣ್ಣದವನ ಕೆಳಗೆ ಬಿಳಿಯರು ದುಡಿಯಲಾರರು ಎಂಬ ಭಾವನೆ ಬಲವಾಗಿತ್ತು. ಬಳಿಕ ಬರ್ಮಾದ ಯುದ್ಧರಂಗ. 1944ರಲ್ಲಿ ಬ್ರಿಗೇಡಿಯರ್ ಆದರು. ಮುಂದಿನ ವರ್ಷ ವಾಯವ್ಯ ಗಡಿಯ ಬನ್ನುವಿನಲ್ಲಿ ಬ್ರಿಗೇಡಿನ ಮುಖ್ಯಸ್ಥರಾದರು. ಅಲ್ಲಿ ಅವರ ಕೆಳಗಿದ್ದ ಅಧಿಕಾರಿಗಳಲ್ಲಿ ಅಯೂಬ್ ಖಾನ್ ಎಂಬವರೂ ಒಬ್ಬರು. ಓದುಗರು ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

1947ರಲ್ಲಿ ದೇಶ ಎರಡಾಯಿತು, ಸೇನೆಯೂ ಎರಡಾಯಿತು. ಒಂದೇ ಮೇಜಿನಲ್ಲಿ ಉಂಡವರು ಎದುರುಬದುರಾದರು. 1948ರ ಜನವರಿಯಲ್ಲಿ ಕಾರ್ಯಪ್ಪನವರು ಪಶ್ಚಿಮದ ಪಡೆಗಳ ಮುಖ್ಯಸ್ಥರಾದರು. ಕಾಶ್ಮೀರದ ಯುದ್ಧದ ಹೊಣೆ ಅವರ ಮೇಲೆ ಬಿತ್ತು. ಕೈತಪ್ಪಿದ್ದ ಝಂಗರ್ 1948ರ ಮಾರ್ಚ್ 18ರಂದು ಮರಳಿ ಸಿಕ್ಕಿತು. ಆದರೆ ಶತ್ರುಗಳು ಜೊಜಿಲಾ, ದ್ರಾಸ್, ಕಾರ್ಗಿಲ್ ಹಿಡಿದು ಕುಳಿತುದರಿಂದ ಲೇಹ್‌ಗೆ ಹೋಗುವ ದಾರಿ ಕಡಿದುಹೋಗಿತ್ತು. ಆ ರಂಗದ ಡಿವಿಜನ್ನಿನ ನಾಯಕರು ಕೊಡಗಿನವರೇ ಆದ ತಿಮ್ಮಯ್ಯನವರು. ಬಿಡಿಭಾಗಗಳಾಗಿ ಸಾಗಿಸಿದ ಟ್ಯಾಂಕುಗಳನ್ನು ಜೋಡಿಸಿ 1948ರ ನವೆಂಬರ್ 1ರಂದು ಜೊಜಿಲಾದ ಹಿಮದಲ್ಲಿ ಹತ್ತಿಸಿದರು. ಅಷ್ಟು ಎತ್ತರಕ್ಕೆ ಟ್ಯಾಂಕು ಬಂದೀತೆಂದು ಎದುರಾಳಿಗಳು ಕನಸಿನಲ್ಲೂ ಎಣಿಸಿರಲಿಲ್ಲ. ಅದೇ ತಿಂಗಳು ಕಾರ್ಗಿಲ್ ಕೈವಶವಾಗಿ ಲೇಹ್‌ನ ದಾರಿ ತೆರೆಯಿತು. ನಮ್ಮ ಮಗ ಲಾರಿ ಓಡಿಸುವುದು ಆ ದಾರಿಯಲ್ಲೇ.

1949ರ ಜನವರಿ 15ರಂದು ಕಾರ್ಯಪ್ಪನವರು ಬ್ರಿಟಿಷ್ ಜನರಲ್ ರಾಯ್ ಬುಚರ್ ಅವರಿಂದ ಇಡೀ ಸೇನೆಯ ಅಧಿಕಾರ ವಹಿಸಿಕೊಂಡರು. ಆ ದಿನವನ್ನೇ ನಾವು ಸೇನಾ ದಿನವೆಂದು ಆಚರಿಸುವುದು. ನಾಲ್ಕು ವರ್ಷ ಆ ಪದವಿಯಲ್ಲಿದ್ದು 1953ರಲ್ಲಿ ನಿವೃತ್ತರಾದರು. ಸೇನೆ ರಾಜಕೀಯದಿಂದ ದೂರವಿರಬೇಕೆಂಬುದು ಅವರ ಹಟ. ಮನೆಯಲ್ಲೂ ಅದೇ ಶಿಸ್ತು. ಅವರ ಮಗ ನೆನಪಿಸಿಕೊಂಡಿರುವ ಒಂದು ಘಟನೆ ಹೀಗಿದೆ: ಒಂದು ದಿನ ಶಾಲೆಯಿಂದ ಮಕ್ಕಳನ್ನು ಕರೆತರುವ ವಾಹನ ಬರಲಿಲ್ಲ. ಇದನ್ನು ಕಂಡ ತಂದೆಯ ಸಹಾಯಕ ಅಧಿಕಾರಿ ಮಕ್ಕಳನ್ನು ಸರಕಾರಿ ಕಾರಿನಲ್ಲಿ ಮನೆಗೆ ಕಳುಹಿಸಿದರು. ವಿಷಯ ತಿಳಿದ ಕಾರ್ಯಪ್ಪನವರು ಅಧಿಕಾರಿಯನ್ನು ಗದರಿ, ಅದರ ಖರ್ಚನ್ನು ತಮ್ಮ ಸಂಬಳದಿಂದ ಕಟ್ಟಿಸಿದರು.

ಇನ್ನು ಹವಾಲ್ದಾರರು ಹೇಳಿದ ವಿಷಯ. 1965ರ ಯುದ್ಧದಲ್ಲಿ ಆ ಮಗ ನಂದಾ ಕಾರ್ಯಪ್ಪ ವಾಯುಸೇನೆಯ ಫ್ಲೈಟ್ ಲೆಫ್ಟಿನೆಂಟ್. ಕದನ ನಿಲ್ಲುವ ಹಿಂದಿನ ದಿನ, ಸೆಪ್ಟೆಂಬರ್ 22ರಂದು, ಅವರ ಹಂಟರ್ ವಿಮಾನ ಗುಂಡಿಗೆ ಸಿಕ್ಕಿತು. ಹಾರಿಕೊಂಡು ಬದುಕಿದರೂ ಬೆನ್ನಿಗೆ ಪೆಟ್ಟಾಗಿ ಪಾಕಿಸ್ತಾನದ ಸೆರೆಯಾದರು. ಆಗ ಪಾಕಿಸ್ತಾನದ ಅಧ್ಯಕ್ಷರು ಯಾರು? ಬನ್ನುವಿನಲ್ಲಿ ಕಾರ್ಯಪ್ಪನವರ ಕೆಳಗಿದ್ದ ಅದೇ ಅಯೂಬ್ ಖಾನ್. ಹಳೆಯ ಮೇಲಧಿಕಾರಿಯ ಮೇಲಿನ ಗೌರವದಿಂದ ಅವರು, ಮಗ ಕ್ಷೇಮವಾಗಿದ್ದಾನೆ, ಬೇಕಾದರೆ ಬಿಡುಗಡೆ ಮಾಡುತ್ತೇವೆ ಎಂದು ಹೇಳಿ ಕಳುಹಿಸಿದರು.

ಮಡಿಕೇರಿಯ ಮನೆಯಲ್ಲಿದ್ದ ಕಾರ್ಯಪ್ಪನವರಿಗೆ ಆಗ 66 ವರ್ಷ. ಒಬ್ಬನೇ ಮಗ. ಒಂದು ಮಾತು ಹೇಳಿದರೆ ಸಾಕಿತ್ತು. ಅವರು ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ಅವನು ಈಗ ನನ್ನ ಮಗನಲ್ಲ, ಈ ದೇಶದ ಮಗ. ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ. ಬಿಡುವುದಾದರೆ ಎಲ್ಲರನ್ನೂ ಬಿಡಿ, ಅವನೊಬ್ಬನಿಗೆ ಯಾವ ವಿಶೇಷ ಉಪಚಾರವೂ ಬೇಡ. ಅಯೂಬ್ ಖಾನರ ಪತ್ನಿಯೂ ಮಗನೂ ಆಸ್ಪತ್ರೆಗೆ ಹೋಗಿ ನಂದಾ ಅವರನ್ನು ನೋಡಿ, ಸಿಗರೇಟಿನ ಪೆಟ್ಟಿಗೆಯನ್ನೂ ಒಂದು ಕಾದಂಬರಿಯನ್ನೂ ಕೊಟ್ಟು ಬಂದರಂತೆ. ಆದರೆ ಬಿಡುಗಡೆ ಆದದ್ದು ತಾಷ್ಕೆಂಟ್ ಒಪ್ಪಂದದ ಬಳಿಕ, 1966ರ ಜನವರಿ 22ರಂದು, ಇತರ ಸೆರೆಯಾಳುಗಳ ಜೊತೆಯಲ್ಲೇ. ಸರಿಯಾಗಿ ನಾಲ್ಕು ತಿಂಗಳು. ನಂದಾ ಕಾರ್ಯಪ್ಪ ಮುಂದೆ ಏರ್ ಮಾರ್ಷಲ್ ಆದರು. ತಂದೆಗೆ 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ದೊರೆಯಿತು. 1993ರ ಮೇ 15ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ಮಡಿಕೇರಿಯಿಂದ ಇಳಿಯುವಾಗ ನಮ್ಮೊಳಗೆ ವಾದ ನಡೆಯಿತು. "ಅವರು ಜನರಲ್, ನಾವು ತೋಟದವರು. ಅವರ ಧೈರ್ಯ ನಮಗೆಲ್ಲಿ?" ಎಂದರು ಮಗನ ಅಪ್ಪ. "ಜನರಲ್ ಆದರೂ ಅಪ್ಪ ಅಪ್ಪನೇ ಅಲ್ಲವೇ? ಆ ನಾಲ್ಕು ತಿಂಗಳು ಆ ಮನೆಯಲ್ಲಿ ಯಾರಿಗಾದರೂ ಅನ್ನ ಇಳಿದಿರಬಹುದೇ?" ಎಂದರು ಅಮ್ಮ. ಉತ್ತರ ಇಬ್ಬರಲ್ಲೂ ಇರಲಿಲ್ಲ.

ಮನೆಗೆ ಬಂದ ಮೇಲೆ ಹವಾಲ್ದಾರರ ಪುಸ್ತಕ ಹಿಂದೆ ಕೊಡಲು ಹೋದೆವು. ಆಗ ಅವರು ಇನ್ನೊಬ್ಬ ಫೀಲ್ಡ್ ಮಾರ್ಷಲನ ಮಾತೆತ್ತಿದರು, ಜರ್ಮನಿಯ ರೊಮ್ಮೆಲ್. ಕಾರ್ಯಪ್ಪನವರು ಇರಾಕಿನಲ್ಲಿ ರೇಷನ್ ಲೆಕ್ಕ ನೋಡುತ್ತಿದ್ದ 1941ರಲ್ಲೇ ರೊಮ್ಮೆಲ್ ಉತ್ತರ ಆಫ್ರಿಕಾದ ಮರಳುಗಾಡಿಗೆ ಬಂದಿಳಿದ. ನಮ್ಮ ಭಾರತದ ಡಿವಿಜನ್ನುಗಳೂ ಅವನೆದುರು ಕಾದಿದವು. 1942ರ ಜೂನ್‌ನಲ್ಲಿ ತೋಬ್ರುಕ್ ಗೆದ್ದು ಫೀಲ್ಡ್ ಮಾರ್ಷಲ್ ಆದ. ಅದೇ ವರ್ಷ ಎಲ್ ಅಲಮೇನಿನಲ್ಲಿ ಸೋತ. ಎರಡು ವರ್ಷಗಳ ಬಳಿಕ, 1944ರ ಜುಲೈ 20ರಂದು ಹಿಟ್ಲರನನ್ನು ಕೊಲ್ಲುವ ಪ್ರಯತ್ನ ನಡೆದಾಗ ಸಂಶಯ ಅವನ ಮೇಲೂ ಬಂತು. ಅಕ್ಟೋಬರ್ 14ರಂದು ಇಬ್ಬರು ಜನರಲ್‌ಗಳು ಅವನ ಮನೆಗೆ ಬಂದರು. ವಿಷ ಕುಡಿದರೆ ಹೆಂಡತಿಗೂ 15 ವರ್ಷದ ಮಗನಿಗೂ ತೊಂದರೆಯಿಲ್ಲ, ಸರಕಾರಿ ಮರ್ಯಾದೆಯೊಂದಿಗೆ ಅಂತ್ಯಕ್ರಿಯೆ. ಇಲ್ಲವಾದರೆ ವಿಚಾರಣೆ. ರೊಮ್ಮೆಲ್ ಹೆಂಡತಿ ಮಗನಿಗೆ ವಿದಾಯ ಹೇಳಿ ಅವರ ಕಾರಿನಲ್ಲಿ ಹೋಗಿ ವಿಷ ಕುಡಿದ.

"ಅಲ್ಲಿ ಸೈನಿಕರು ಪ್ರಮಾಣ ಮಾಡಿದ್ದು ಹಿಟ್ಲರ್ ಎಂಬ ಒಬ್ಬ ಮನುಷ್ಯನ ಹೆಸರಿನಲ್ಲಿ" ಎಂದರು ಹವಾಲ್ದಾರರು. "ಒಬ್ಬನ ದಯೆಯಿಂದ ಎಲ್ಲವೂ ಸಿಗುವ ಕಡೆ ಒಬ್ಬನ ಕೋಪದಿಂದ ಎಲ್ಲವೂ ಹೋಗುತ್ತದೆ. ನಮ್ಮಲ್ಲಿ ಕಾನೂನು ಉಂಟು, ಸರದಿ ಉಂಟು. ತಡವಾಗಬಹುದು, ಆದರೆ ಯಾರ ಕಾಲಿಗೂ ಬೀಳಬೇಕಾಗಿಲ್ಲ."

ನಮ್ಮ ಚೀಟಿಯ ಮಾತನ್ನು ಅವರು ಎತ್ತಲೇ ಇಲ್ಲ. ನಾವೂ ಎತ್ತಲಿಲ್ಲ. ಆದರೆ ಮಗ ಫೋನಿನಲ್ಲಿ ಹೇಳಿದ್ದು ಏನೆಂದು ಆಗ ಅರ್ಥವಾಯಿತು. ನಾವು ಬರೆದ ಆ ನಂಬ್ರದ ಹಿಂದೆ ಬರೆಯದ ಇನ್ನೊಂದು ನಂಬ್ರ ಇತ್ತು. ಅದು ಯಾರ ಮಗನದೋ. ಆ ಮನೆಯಲ್ಲೂ ಒಬ್ಬ ಅಮ್ಮ ನಿದ್ರೆಯಿಲ್ಲದೆ ಮಲಗಬೇಕಾಗಿತ್ತು. ಅವಳಿಗೆ ಫೋನ್ ಮಾಡಿಕೊಡುವ ಬಂಧುಗಳಿಲ್ಲ ಎಂಬುದೊಂದೇ ಅವಳ ತಪ್ಪು. ಆ ರಾತ್ರಿ ಜಪಸರ ಮುಗಿಸಿ ಚೀಟಿಯನ್ನು ಒಲೆಗೆ ಹಾಕಿದೆವು. ಬಂಧುಗಳಿಗೆ ಬೇಡವೆಂದು ತಿಳಿಸಿದೆವು. ಅವರು ಬೇಸರ ಮಾಡಿಕೊಂಡರು. ಮಗನಿಗೆಂದು ತೆಗೆದಿಟ್ಟ ಕುಸ್ವಾರಿನ ಡಬ್ಬಿ ಆ ಕ್ರಿಸ್ಮಸ್ಸಿಗೆ ಮನೆಯಲ್ಲೇ ಉಳಿಯಿತು.

ಇಲ್ಲಿಗೆ ಬರಹ ಮುಗಿಸಿದರೆ ಚೆನ್ನಾಗಿರುತ್ತಿತ್ತು. ಆದರೆ ನಡೆದದ್ದನ್ನು ಮುಚ್ಚಿಡಬಾರದು.

2019ರ ಫೆಬ್ರವರಿಯಲ್ಲಿ ಪುಲ್ವಾಮಾ ದಾಳಿ ನಡೆಯಿತು. 27ರಂದು ಪೈಲಟ್ ಅಭಿನಂದನ್ ಪಾಕಿಸ್ತಾನದ ಸೆರೆಯಾದ ಸುದ್ದಿ ಟಿ.ವಿ.ಯಲ್ಲಿ ಬಂತು. ಅವರ ತಂದೆಯೂ ನಿವೃತ್ತ ಏರ್ ಮಾರ್ಷಲ್. ನಮಗೆ ನಂದಾ ಕಾರ್ಯಪ್ಪನವರ ನೆನಪಾಯಿತು. ಮಾರ್ಚ್ 1ರಂದು ಅಭಿನಂದನ್ ಮರಳಿದಾಗ ದೇಶವೇ ಉಸಿರುಬಿಟ್ಟಿತು. ನಮ್ಮ ಮಗನ ಫೋನ್ ಮಾತ್ರ ಬರಲಿಲ್ಲ. ಬಂದದ್ದು ವಾರದ ನಂತರ, ಸೇನಾ ಆಸ್ಪತ್ರೆಯಿಂದ. ಹಿಮದಲ್ಲಿ ಲಾರಿಯ ಚಕ್ರಕ್ಕೆ ಸರಪಳಿ ಕಟ್ಟುವಾಗ ಕೈಗವಸು ಅಡ್ಡವಾಗುತ್ತದೆಂದು ತೆಗೆದಿದ್ದನಂತೆ. ಚಳಿಗೆ ಬೆರಳುಗಳು ಮರಗಟ್ಟಿದ್ದು ಗೊತ್ತಾಗಲಿಲ್ಲ. ಎಡಗೈಯ ಎರಡು ಬೆರಳುಗಳ ತುದಿ ತೆಗೆಯಬೇಕಾಯಿತು. "ಸ್ಟಿಯರಿಂಗ್ ಹಿಡಿಯಲು ತೊಂದರೆಯಿಲ್ಲ ಅಮ್ಮ" ಎಂದು ನಕ್ಕ.

ನಾವು ನಗಲಿಲ್ಲ. ಆ ಫೋನ್ ಕರೆ ಮಾಡಿದ್ದರೆ ಆ ಬೆರಳುಗಳು ಉಳಿಯುತ್ತಿದ್ದವು. ಈ ಮಾತು ನಮ್ಮ ಮನೆಯಲ್ಲಿ ಎಷ್ಟು ರಾತ್ರಿ ಸುಳಿದಿದೆಯೆಂದು ಲೆಕ್ಕವಿಲ್ಲ. ಒಬ್ಬರನ್ನೊಬ್ಬರು ದೂರಿದ್ದೂ ಉಂಟು. ಸರಿಯಾದದ್ದನ್ನು ಮಾಡಿದರೆ ನೋವಾಗುವುದಿಲ್ಲ ಎಂದು ಯಾರೂ ನಮಗೆ ಮಾತು ಕೊಟ್ಟಿರಲಿಲ್ಲ. ಕಾರ್ಯಪ್ಪನವರ ಮಗನೂ ಬೆನ್ನುನೋವಿನೊಂದಿಗೇ ಮರಳಿದ್ದು.

ಆ ವರ್ಷದ ಓಣಂ ಹೊತ್ತಿಗೆ ಮಗ ರಜೆಯಲ್ಲಿ ಬಂದ. ಅಂಗಳದಲ್ಲಿ ಕುಳಿತು ಅಡಕೆ ಸುಲಿಯುವಾಗ ಅವನ ಕೈಯನ್ನೇ ನೋಡುತ್ತಿದ್ದೆವು. ಕೊನೆಗೆ ಕೇಳಿಯೇ ಬಿಟ್ಟೆವು: "ನಮ್ಮ ಮೇಲೆ ಬೇಸರ ಉಂಟಾ ಮಗಾ?" ಅವನು ತಲೆಯೆತ್ತದೆ, "ಕ್ಯಾನ್ಸರಿನ ತಾಯಿ ಅಂದೆನಲ್ಲ, ಅವನಿಗೆ ಜನವರಿಯಲ್ಲಿ ಊರ ಹತ್ತಿರ ವರ್ಗ ಸಿಕ್ಕಿತು. ತಾಯಿ ತೀರುವಾಗ ಅವನು ಹತ್ತಿರ ಇದ್ದ" ಎಂದ. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ನಾವೂ ಕೇಳಲಿಲ್ಲ.

ಸರದಿ ಬಂದಾಗ ಅವನಿಗೂ ಸಿಕಂದರಾಬಾದಿಗೆ ವರ್ಗವಾಯಿತು. ಈಗ ಅವನು ನಾಯಕ್. ಮದುವೆಯಾಗಿ ಒಂದು ಮಗುವಿದೆ. ಆ ಮಗು ಅಪ್ಪನ ಮೊಂಡು ಬೆರಳುಗಳನ್ನೇ ಹಿಡಿದು ನಡೆಯಲು ಕಲಿಯಿತು.

ನಮ್ಮೂರಿನ ಎಷ್ಟೋ ಮನೆಗಳಲ್ಲಿ ಕೆಲಸಕ್ಕೆ, ಸೀಟಿಗೆ, ವರ್ಗಕ್ಕೆ ಇಂಥ ಚೀಟಿಗಳು ಬರೆಯಲ್ಪಡುತ್ತವೆ. ಬರೆಯುವವರನ್ನು ನಾವು ದೂರುವುದಿಲ್ಲ. ನಾವೂ ಬರೆದವರೇ. ಕೊಡುವ ಮೊದಲು ಒಂದು ರಾತ್ರಿ ಅದನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದಷ್ಟೇ ಕೇಳಿಕೊಳ್ಳುತ್ತೇವೆ. ಅದರ ಹಿಂಬದಿಯಲ್ಲಿ ಯಾರ ಮಗನ ಹೆಸರಿದೆಯೆಂದು ನೋಡಿ, ಬಳಿಕ ನಿಮ್ಮ ಮನಸ್ಸು ಹೇಳಿದಂತೆ ಮಾಡಿ.